ದೋಷ ಕನ್ನಡದ್ದಲ್ಲ



ನಮ್ಮ ಗಾಯನ ಮಂಡಳಿಗಳಲ್ಲಿ ಒಂದು ಮಾತು ಬೇರೂರಿಬಿಟ್ಟಿದೆ. ಕನ್ನಡ ಲಿಪಿಯು ಸ್ವರಲಿಪಿಗೆ ಒಗ್ಗುವುದಿಲ್ಲ. ಗಣಕಯಂತ್ರದಲ್ಲಿ ಸ್ವರಗಳನ್ನು ಬರೆಯುವ ತಂತ್ರಾಂಶಕ್ಕೆ ಕನ್ನಡ ಬಾರದು. ಚಿಹ್ನೆಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ, ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಆದುದರಿಂದ ಹಾಡಿನ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದು ಲೇಸು ಎಂಬುದೇ ಆ ಮಾತು. ಯುವಕರು ಹೇಳುತ್ತಾರೆ, ಹಿರಿಯರು ತಲೆದೂಗುತ್ತಾರೆ, ವಿಚಾರಣಾ ಗುರುಗಳು ಬೇರೆ ನೂರು ಕೆಲಸಗಳ ನಡುವೆ ಒಪ್ಪಿಕೊಂಡುಬಿಡುತ್ತಾರೆ. ಈ ಮಾತು ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದರಿಂದ ನಮ್ಮ ಜನರ ಬಾಯಿಂದ ಹಾಡು ಕಿತ್ತುಹೋಗುತ್ತಿದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ಚಿಕ್ಕ ದೇವಾಲಯಗಳನ್ನು ನೆನೆದುಕೊಳ್ಳಿ. ಅಡಕೆ, ಕಾಫಿ, ರಬ್ಬರ್ ತೋಟಗಳ ನಡುವೆ ಭಾನುವಾರ ಕೂಡುವ ಜನರ ಮನೆಮಾತು ಒಂದಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಮನೆಗಳಲ್ಲಿ ಕೊಂಕಣಿ ಮತ್ತು ತುಳು. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದವರಲ್ಲಿ ಮಲಯಾಳ. ತೋಟದ ಲೈನುಗಳಲ್ಲಿ ತಮಿಳು. ಇವರೆಲ್ಲರ ಮಕ್ಕಳು ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ. ಅಜ್ಜಿಯೂ ಮೊಮ್ಮಗಳೂ ಒಂದೇ ಹಾಳೆಯನ್ನು ಹಿಡಿದು ಹಾಡಬಹುದಾದರೆ ಅದು ಕನ್ನಡ ಅಕ್ಷರದ ಹಾಳೆಯಿಂದ ಮಾತ್ರ. ಕೊಂಕಣಿ ಕೀರ್ತನೆಗಳನ್ನು ಕರಾವಳಿಯವರು ತಲೆಮಾರುಗಳಿಂದ ಕನ್ನಡ ಲಿಪಿಯಲ್ಲೇ ಅಚ್ಚುಹಾಕಿಕೊಂಡು ಹಾಡಿದ್ದಾರೆ. ಮಲಯಾಳದ ಹಾಡಿಗೂ ನಮ್ಮ ಲಿಪಿ ಬಡವಾಗಿಲ್ಲ. ಆ ಭಾಷೆಯ ವಿಶಿಷ್ಟ ಧ್ವನಿಗೆ ಹಳಗನ್ನಡದ ‘ೞ’ ನಮ್ಮಲ್ಲಿದೆ. ಗಣಕದ ಯೂನಿಕೋಡ್ ಕನ್ನಡದಲ್ಲೂ ಅದಕ್ಕೆ ಸ್ಥಾನವಿದೆ. ನಮ್ಮ ಪೂರ್ವಿಕರು ಬಿಟ್ಟುಹೋದ ಅಕ್ಷರವನ್ನು ಅಟ್ಟದಿಂದ ಇಳಿಸಿಕೊಳ್ಳದೆ ಇಂಗ್ಲಿಷಿನ ಎರಡು ಅಕ್ಷರಗಳನ್ನು ಸಾಲ ತರುವುದೇಕೆ?

ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಕಳೆದುಹೋಗುವ ಮೊದಲ ವಸ್ತು ಸ್ವರದ ದೀರ್ಘ. ಬಲವೂ ಬಾಲವೂ ಅಲ್ಲಿ ಒಂದೇ ರೂಪ. ಮನ–ಮಾನ, ದನ–ದಾನ, ವರ–ವಾರ ಎಲ್ಲವೂ ಹಾಗೆಯೇ. ದೀರ್ಘಕ್ಕೆ ಮೇಲೊಂದು ಗೆರೆ ಎಳೆಯುವ ಕ್ರಮ ವಿದ್ವಾಂಸರಲ್ಲಿದೆ. ನಮ್ಮ ಹಾಳೆಗಳಲ್ಲಿ ಅದನ್ನು ಯಾರೂ ಎಳೆಯುವುದಿಲ್ಲ. ಇದಕ್ಕೆ ಸ್ವರಚಿಹ್ನೆಯ ತಪ್ಪೂ ಸೇರಿಕೊಂಡರೆ ಏನಾಗುತ್ತದೆ?

ನಾನು ಕಂಡ ಒಂದು ಹಾಳೆಯ ವಿಷಯ ಹೇಳುತ್ತೇನೆ. ಅದು ಯಾವ ದೇವಾಲಯದ್ದೆಂಬುದು ಇಲ್ಲಿ ಅಪ್ರಸ್ತುತ. ಪ್ರಭುವಿನಲ್ಲಿ ಬಲವನ್ನು ಬೇಡುವ ಸಾಲೊಂದು ‘ಬಲವ ಕೊಡು’ ಎಂದು ಮುಗಿಯುತ್ತಿತ್ತು. ಕೊನೆಯ ‘ಡು’ವಿನ ಮೇಲೆ ಸ್ವರವನ್ನು ತುಸು ಹಿಡಿದು ನಿಲ್ಲಬೇಕು. ಹಾಗೆ ನಿಲ್ಲುವಂತೆ ಸೂಚಿಸಲು ಕಮಾನಿನ ಕೆಳಗೊಂದು ಚುಕ್ಕೆಯಿರುವ ಚಿಹ್ನೆಯನ್ನು ಬಳಸುತ್ತಾರೆ, ಫರ್ಮಾಟ ಎಂದು ಅದರ ಹೆಸರು. ಆ ಹಾಳೆಯಲ್ಲಿ ಫರ್ಮಾಟವು ಮೂರು ನಾಲ್ಕು ಸ್ವರ ಹಿಂದೆ ಸರಿದು ‘ಬ’ಕಾರದ ಮೇಲೆ ಕುಳಿತಿತ್ತು. ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲಿ. ಮಂಡಳಿಯವರು ಹಾಳೆಗೆ ವಿಧೇಯರಾಗಿ ‘ಬ’ವನ್ನು ಹಿಡಿದು ಎಳೆದರು. ಪ್ರಭುವೇ, ನಮಗೆ ಬಾಲವ ಕೊಡು ಎಂಬ ಪ್ರಾರ್ಥನೆ ಗಂಭೀರವಾಗಿ ಮೇಲಕ್ಕೇರಿತು. ಮಕ್ಕಳು ನಕ್ಕರು. ಅವರನ್ನು ಗದರಿಸಿದವರಿದ್ದರು, ಹಾಳೆಯನ್ನು ತಿರುಗಿ ನೋಡಿದವರಿರಲಿಲ್ಲ. ಕೇಳಿದರೆ ಬಂದ ಉತ್ತರ: ‘ಸಾಫ್ಟ್‌ವೇರ್‌ನಲ್ಲಿ ಹಾಗೇ ಬರುತ್ತದೆ, ಕನ್ನಡದ ಹಾಡಲ್ಲವೇ?’

ಹಾಗೆ ಬರುವುದಿಲ್ಲ. ಯಾಕೆ ಬಂತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ತಂತ್ರದ ವಿಷಯವೆಂದು ಪುಟ ತಿರುಗಿಸಬೇಡಿ.

ಮ್ಯೂಸ್‌ಸ್ಕೋರ್‌ನಂತಹ ತಂತ್ರಾಂಶ ಇಂದು ಯಾರಿಗೂ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಬರೆಯುವ ಪ್ರತಿಯೊಂದು ಚಿಹ್ನೆಯೂ ಯಾವುದಾದರೊಂದು ಸ್ವರಕ್ಕೆ ಕಟ್ಟಿಕೊಂಡಿರುತ್ತದೆ. ಕಣ್ಣಿಗೆ ಅದು ಕಾಗದದ ಮೇಲಿನ ಒಂದು ಜಾಗದಲ್ಲಿ ಕಾಣುತ್ತದೆ. ಗಣಕದ ಲೆಕ್ಕದಲ್ಲಿ ಅದು ಇಂತಹ ಸ್ವರದ ಸೊತ್ತು. ಬರೆಯುವವನು ಅವಸರದಲ್ಲಿ ಚಿಹ್ನೆಯನ್ನು ಬೇರೆ ಸ್ವರಕ್ಕೆ ಕೊಟ್ಟು, ತಪ್ಪು ಕಂಡೊಡನೆ ಮೌಸಿನಿಂದ ಹಿಡಿದೆಳೆದು ಸರಿಯಾದ ಸ್ವರದ ಮೇಲೆ ತಂದಿಟ್ಟನೆನ್ನಿ. ಕಣ್ಣಿಗೆ ಸರಿಹೋಯಿತು. ಆದರೆ ಫರ್ಮಾಟದ ಒಡೆತನ ಬದಲಾಗಿಲ್ಲ. ‘ನನ್ನ ಸ್ವರದಿಂದ ಇಷ್ಟು ಬಲಕ್ಕೆ’ ಎಂಬ ದೂರವೊಂದನ್ನು ಮಾತ್ರ ಗಣಕ ನೆನಪಿಟ್ಟುಕೊಂಡಿದೆ. ನಾಳೆ ಎರಡನೆಯ ಚರಣ ಸೇರಿ ಸ್ವರಗಳು ಅಗಲವಾದಾಗ, ಅಥವಾ ದೊಡ್ಡ ಹಾಳೆಯನ್ನು ಕಿರುಪುಸ್ತಕದ ಅಳತೆಗೆ ತಂದಾಗ, ಸಾಲುಗಳು ಬೇರೆ ಕಡೆ ಒಡೆಯುತ್ತವೆ, ಸ್ವರಗಳ ನಡುವಣ ಅಂತರ ಬದಲಾಗುತ್ತದೆ, ಆ ಹಳೆಯ ದೂರ ಮಾತ್ರ ಹಾಗೆಯೇ ಉಳಿಯುತ್ತದೆ. ಚಿಹ್ನೆ ಯಾರದೋ ಮನೆಯ ಹೊಸ್ತಿಲಲ್ಲಿ ಹೋಗಿ ನಿಲ್ಲುತ್ತದೆ. ಇದರಲ್ಲಿ ಕನ್ನಡದ ಪಾತ್ರವೆಲ್ಲಿದೆ? ಲ್ಯಾಟಿನ್ ಕೀರ್ತನೆಗೂ ಹೀಗೆಯೇ ಆಗುತ್ತದೆ.

ಪರಿಹಾರ ಸುಲಭ. ಚಿಹ್ನೆಯನ್ನು ಎಳೆಯುವಾಗ ಅದರಿಂದ ಹೊರಟ ತುಂಡುಗೆರೆಯೊಂದು ಅದರ ಒಡೆಯ ಯಾರೆಂಬುದನ್ನು ತೋರಿಸುತ್ತದೆ. ಅದನ್ನು ನೋಡುವ ಅಭ್ಯಾಸವಿರಬೇಕು. ತಪ್ಪು ಸ್ವರಕ್ಕೆ ಕಟ್ಟಿದ ಚಿಹ್ನೆಯನ್ನು ಅಳಿಸಿ, ಸರಿಯಾದ ಸ್ವರವನ್ನು ಆರಿಸಿ ಹೊಸದಾಗಿ ಹಾಕಬೇಕು. ಸ್ವರ ಸರಿಯಿದ್ದು ಸ್ಥಾನ ಮಾತ್ರ ಕೆಟ್ಟಿದ್ದರೆ ಕಂಟ್ರೋಲ್ ಮತ್ತು ಆರ್ ಕೀಲಿಗಳನ್ನು ಒತ್ತಿದರಾಯಿತು, ಕೈಯಿಂದ ಎಳೆದದ್ದೆಲ್ಲ ರದ್ದಾಗಿ ಚಿಹ್ನೆ ತನ್ನ ಮನೆಗೆ ಮರಳುತ್ತದೆ. ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಸುಲಭ: ಹಾಡನ್ನು ಗಣಕದಲ್ಲೇ ನುಡಿಸಿ ಕೇಳುವುದು. ಗಣಕ ನಿಲ್ಲುವುದು ಚಿಹ್ನೆ ಕಟ್ಟಿಕೊಂಡ ಸ್ವರದ ಮೇಲೆ. ನೀವು ಎಳೆದಿಟ್ಟ ಜಾಗ ಅದಕ್ಕೆ ಗೊತ್ತಿಲ್ಲ. ಕಣ್ಣು ಮೋಸಹೋದಲ್ಲಿ ಕಿವಿ ಹಿಡಿದುಕೊಡುತ್ತದೆ. ಐದು ನಿಮಿಷದ ಈ ಕೆಲಸವನ್ನು ಮಾಡದೆ ಒಂದು ಭಾಷೆಯ ಮೇಲೆ ತೀರ್ಪು ಕೊಡುವುದು ಯಾವ ನ್ಯಾಯ?

ಮೆಲ್ಲಗೆ, ಗಟ್ಟಿಯಾಗಿ ಎಂಬ ಸೂಚನೆಗಳ ವಿಷಯವೂ ಇಂತಹದೇ. ವಾದ್ಯದ ಸಂಗೀತದಲ್ಲಿ ಅವು ಐದು ಗೆರೆಗಳ ಕೆಳಗಿರುತ್ತವೆ. ಹಾಡಿನಲ್ಲಿ ಕೆಳಗೆ ಸಾಹಿತ್ಯವಿರುವುದರಿಂದ ಗೆರೆಗಳ ಮೇಲೆ ಬರೆಯುವುದು ಎಲ್ಲ ದೇಶಗಳ ವಾಡಿಕೆ. ತಂತ್ರಾಂಶ ತಾನಾಗಿ ಅವನ್ನು ಕೆಳಗಿಡುತ್ತದೆ. ಒತ್ತಕ್ಷರಕ್ಕೆ ಡಿಕ್ಕಿ ಹೊಡೆಯುತ್ತದೆ ಎಂದು ದೂರುವವರು ಆ ಚಿಹ್ನೆಗಳನ್ನು ಆರಿಸಿ ಎಕ್ಸ್ ಕೀಲಿಯನ್ನು ಒತ್ತಲಿ, ಮೇಲಕ್ಕೆ ಹೋಗುತ್ತವೆ.

ಕನ್ನಡಕ್ಕೇ ವಿಶೇಷವಾದ ತೊಡಕುಗಳು ಇಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಅಕ್ಷರಗಳು ಮೇಲೆ ಗುಡಿಸು, ಕೆಳಗೆ ಒತ್ತು ಎಂದು ಎರಡೂ ದಿಕ್ಕಿಗೆ ಚಾಚುತ್ತವೆ. ಎರಡು ಚರಣಗಳನ್ನು ಒಂದರ ಕೆಳಗೊಂದು ಬರೆದರೆ ಮೊದಲನೆಯದರ ಒತ್ತು ಎರಡನೆಯದರ ಗುಡಿಸಿಗೆ ತಗಲುತ್ತದೆ. ಇಂಗ್ಲಿಷಿನ ಅಳತೆಗೆ ಹೊಂದಿಸಿಟ್ಟ ಸಾಲಿನ ಎತ್ತರವನ್ನು ಶೈಲಿಯ ಪಟ್ಟಿಯಲ್ಲಿ ಒಮ್ಮೆ ಹೆಚ್ಚಿಸಿಟ್ಟರೆ ಇಡೀ ಪುಸ್ತಕಕ್ಕೆ ಅದೇ ಸಾಕು. ಇನ್ನು ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟ ಹಾಡುಗಳು. ಅವುಗಳ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳು, ಮೇಲೆ ಹೊದಿಸಿರುವುದು ಕನ್ನಡದ ತುಂಡುರೂಪಗಳು. ಅದನ್ನು ನಕಲಿಸಿ ಸ್ವರಗಳ ಕೆಳಗೆ ತಂದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ‘ನೋಡಿ, ಕನ್ನಡ ಬರುವುದಿಲ್ಲ’ ಎಂಬ ಘೋಷಣೆ ಹುಟ್ಟಿದ್ದೇ ಬಹುಪಾಲು ಇಲ್ಲಿಂದ. ಯೂನಿಕೋಡಿಗೆ ಪರಿವರ್ತಿಸುವ ಸೌಕರ್ಯ ಅದೇ ನುಡಿಯಲ್ಲಿದೆ, ಬರಹದಲ್ಲಿದೆ. ಪರಿವರ್ತಿಸಿದ ಮೇಲೆ ಒತ್ತೂ ಸರಿ, ಗುಣಿತವೂ ಸರಿ.

ನಿಜವಾಗಿ ಯೋಚಿಸಬೇಕಾದ ತೊಡಕು ಬೇರೆಯೇ ಇದೆ. ಒಂದು ಪದವನ್ನು ಸ್ವರಗಳ ಕೆಳಗೆ ಹೇಗೆ ಒಡೆದು ಹಂಚಬೇಕು? ‘ಕರ್ತನು’ ಎಂಬುದನ್ನು ಬರವಣಿಗೆಯಂತೆ ಒಡೆದರೆ ಕ–ರ್ತ–ನು. ಬಾಯಿಯಲ್ಲಿ ಅದು ಕರ್–ತ–ನು. ‘ರಕ್ಷಕ’ ಹಾಳೆಯಲ್ಲಿ ರ–ಕ್ಷ–ಕ, ಹಾಡುವಾಗ ರಕ್–ಷ–ಕ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂದು ನಾವೆಲ್ಲ ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಕಲಿತೆವು. ಆ ಗುರುತ್ವ ಎಲ್ಲಿಂದ ಬಂತೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಬರಿಯ ‘ಕ’ ಎಂದು ಸ್ವರದ ಕೆಳಗೆ ಬರೆದರೆ ಹಾಡುವವನು ಒಂದೋ ಅದನ್ನು ಲಘುವಾಗಿ ತಟ್ಟಿ ಮುಂದೆ ಹೋಗುತ್ತಾನೆ, ಇಲ್ಲವೇ ಸ್ವರ ಉದ್ದವಿದ್ದರೆ ‘ಕಾ’ ಎಂದು ಎಳೆಯುತ್ತಾನೆ. ‘ಕರ್’ ಎಂದು ಬರೆದರೆ ವ್ಯಂಜನವನ್ನು ಎಲ್ಲಿ ಮುಚ್ಚಬೇಕೆಂಬುದು ಅವನಿಗೆ ತಾನಾಗಿ ತಿಳಿಯುತ್ತದೆ. ತಂತ್ರಾಂಶಕ್ಕೆ ಇದರಿಂದ ತೊಂದರೆಯೇನೂ ಇಲ್ಲ: ‘ಕರ್’ ಬರೆದು ಅಡ್ಡಗೆರೆಯ ಕೀಲಿಯನ್ನು ಒತ್ತಿದರೆ ಅದು ಮುಂದಿನ ಸ್ವರಕ್ಕೆ ಹೋಗುತ್ತದೆ, ಮುಂದಿನ ಅಕ್ಷರ ಬೇರೆ ಕೋಣೆಯಲ್ಲಿರುವುದರಿಂದ ಅರ್ಧಾಕ್ಷರ ಅರ್ಧಾಕ್ಷರವಾಗಿಯೇ ಉಳಿಯುತ್ತದೆ. (ಸೊನ್ನೆಯ ವಿಷಯದಲ್ಲಿ ನಮ್ಮ ಲಿಪಿ ಮೊದಲೇ ಜಾಣತನ ತೋರಿದೆ, ‘ಅಂಬರ’ ತಾನಾಗಿಯೇ ಅಂ–ಬ–ರ ಎಂದು ಒಡೆಯುತ್ತದೆ.) ಹೀಗೆ ಒಡೆದ ಕನ್ನಡ ಓದಲು ವಿಕಾರವಾಗಿ ಕಾಣುತ್ತದೆಂದು ಕೆಲವರು ಮುಖ ಸಿಂಡರಿಸುತ್ತಾರೆ. ಕಾಣುತ್ತದೆ, ನಿಜ. ಭಕ್ತಜನರ ಕೈಗೆ ಕೊಡುವ ಕಿರುಹೊತ್ತಗೆಯಲ್ಲಿ ಪದಗಳು ಇಡಿಯಾಗಿರಲಿ. ಸ್ವರ ನೋಡಿ ಹಾಡುವ ಮಂಡಳಿಯ ಹಾಳೆಯಲ್ಲಿ ಹಾಡುವಂತೆಯೇ ಒಡೆದಿರಲಿ. ಅಂದಗಾರಿಕೆಗೆಂದು ಅರ್ಥವನ್ನು ಬಲಿಕೊಡಲು ನಾನು ಸಿದ್ಧನಿಲ್ಲ.

ಗುರುಲಘುಗಳ ಈ ಚಿಂತೆ ಹೊಸದೇ? ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿ ಪ್ರಭು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡದ ಛಂದಸ್ಸಿನಲ್ಲಿ ಬರೆದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚುಹಾಕಿದರು. ಜರ್ಮನಿಯಲ್ಲಿ ಹುಟ್ಟಿದ ಆ ಮಹನೀಯರು ಕನ್ನಡಿಗರಿಗೆ ಹಾಡು ಕೊಡಬೇಕಾದರೆ ಕನ್ನಡದ ಮಾತ್ರೆಯನ್ನು ಎಣಿಸಲು ಕಲಿಯಬೇಕೆಂದು ತಿಳಿದಿದ್ದರು. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ ನಮಗೆ ಅದು ಭಾರವಾಯಿತೆಂದರೆ ಏನು ಹೇಳೋಣ?

ಐದು ಗೆರೆಗಳೇ ಬೇಡ, ನಮಗೆ ಸರಿಗಮ ಸಾಕು ಎನ್ನುವವರೂ ಇದ್ದಾರೆ. ಅವರ ಮಾತಿಗೆ ನನ್ನ ಗೌರವವಿದೆ. ಹಾರ್ಮೋನಿಯಂ ಮುಂದೆ ಕೂತು ಕಲಿತವರಿಗೆ ಅದೇ ಹತ್ತಿರ. ಆದರೆ ಅಲ್ಲಿಯೂ ಚಿಹ್ನೆಯ ಸ್ಥಾನದ ಪ್ರಶ್ನೆ ತಪ್ಪುವುದಿಲ್ಲ. ತಾರಸ್ಥಾಯಿಯ ಸ್ವರಕ್ಕೆ ಅಕ್ಷರದ ಮೇಲೊಂದು ಚುಕ್ಕೆ, ಮಂದ್ರಸ್ಥಾಯಿಗೆ ಕೆಳಗೊಂದು ಚುಕ್ಕೆ. ‘ಸ’ದ ಮೇಲಿನ ಚುಕ್ಕೆ ಪಕ್ಕಕ್ಕೆ ಸರಿದು ‘ನಿ’ಯ ಮೇಲೆ ಕುಳಿತರೆ ಹಾಡು ಒಂದು ಸ್ಥಾಯಿ ಹಾರುತ್ತದೆ. ಬಹುತೇಕ ಕನ್ನಡ ಅಕ್ಷರಶೈಲಿಗಳಲ್ಲಿ ಈ ಚುಕ್ಕೆಗೆ ಗೊತ್ತಾದ ಸ್ಥಾನವನ್ನು ಕಲ್ಪಿಸಿಲ್ಲ. ಆದ್ದರಿಂದ ಅದು ಬಲಕ್ಕೆ ಜಾರುತ್ತದೆ, ಇಲ್ಲವೇ ಚುಕ್ಕೆಗಳ ವೃತ್ತವೊಂದರ ಮೇಲೆ ಅನಾಥವಾಗಿ ನಿಲ್ಲುತ್ತದೆ. ಇದು ನಿಜವಾದ ಕೊರತೆ. ಆದರೆ ಈ ಕೊರತೆಯೂ ದೈವವಿಧಿಯಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ.

ಶೃಂಗೇರಿಯ ಪಾಠಶಾಲೆಗಳಲ್ಲಿ ವೇದ ಕಲಿಯುವ ವಟುಗಳು ಮೊದಲು ಗುರುಮುಖದಿಂದ ಕೇಳಿ ಕಲಿಯುತ್ತಾರೆ. ಆ ವೇದ ಕನ್ನಡ ಲಿಪಿಯಲ್ಲಿ ಅಚ್ಚಾದಾಗ ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ಮೇಲೆ ನೆಟ್ಟಗೆರೆ ಇರುತ್ತದೆ. ಗೆರೆ ಪಕ್ಕದ ಅಕ್ಷರಕ್ಕೆ ಹೋದರೆ ‘ಸುಮಾರಾಗಿ ಸರಿಯಿದೆ’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಸ್ವರ ತಪ್ಪಿದರೆ ಪಾಠವೇ ತಪ್ಪು. ವೇದದ ಈ ಚಿಹ್ನೆಗಳಿಗೆ ಗಣಕದಲ್ಲಿ ಸ್ಥಾನ ಬೇಕೆಂದು ಅದರ ವಿದ್ವಾಂಸರು ಪಟ್ಟುಹಿಡಿದರು. 2009ರಲ್ಲಿ ಯೂನಿಕೋಡಿನಲ್ಲಿ ವೈದಿಕ ಚಿಹ್ನೆಗಳಿಗೆಂದೇ ಪ್ರತ್ಯೇಕ ವಿಭಾಗ ಸೇರಿತು. ಬೇಕಾದವರು ಕೇಳಿದರು, ಪಡೆದರು. ನಮ್ಮ ಸ್ಥಾಯಿಯ ಚುಕ್ಕೆಗೆ ಅಕ್ಷರಶೈಲಿ ರೂಪಿಸುವವರ ಬಳಿ ನಾವು ಒಂದು ಕಾಗದವನ್ನಾದರೂ ಬರೆದಿದ್ದೇವೆಯೇ?

ಕ್ರೈಸ್ತರಿಗೆ ಈ ಹಟ ಹೊಸದಲ್ಲ ಎಂಬುದನ್ನೂ ನೆನಪಿಸಬೇಕು. ಸ್ವರಗಳನ್ನು ಗೆರೆಗಳ ಮೇಲೆ ಕೂರಿಸುವ ಕ್ರಮವನ್ನು 11ನೆಯ ಶತಮಾನದಲ್ಲಿ ವ್ಯವಸ್ಥೆಗೆ ತಂದವರು ಗೀದೊ ಎಂಬ ಇಟಲಿಯ ಬೆನೆಡಿಕ್ಟೈನ್ ಸನ್ಯಾಸಿ. ಅದಕ್ಕೆ ಮೊದಲು ಪದಗಳ ಮೇಲೆ ಕೊಕ್ಕೆ ಕೊಂಕುಗಳನ್ನು ಬರೆಯುತ್ತಿದ್ದರು. ಸ್ವರ ಮೇಲೇರಿತೆಂದು ತಿಳಿಯುತ್ತಿತ್ತು, ಎಷ್ಟು ಏರಿತೆಂದು ತಿಳಿಯುತ್ತಿರಲಿಲ್ಲ. ಚಿಹ್ನೆಗೆ ಸ್ಥಾನ ನಿಗದಿಯಾದಾಗಲೇ ಗುರುವನ್ನು ಕಾಣದ ಊರಿಗೂ ಹಾಡು ತಲುಪಿತು. ನಮ್ಮ ದಕ್ಷಿಣದಲ್ಲಿ ಚಿನ್ನಸ್ವಾಮಿ ಮುದಲಿಯಾರ್ ಎಂಬ ಮದರಾಸಿನ ಕಥೋಲಿಕ ಗೃಹಸ್ಥರು 1890ರ ದಶಕದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ಐದು ಗೆರೆಗಳ ಲಿಪಿಯಲ್ಲಿ ಪ್ರಕಟಿಸತೊಡಗಿದರು. ಸುಬ್ಬರಾಮ ದೀಕ್ಷಿತರು ತಮ್ಮ ಮನೆತನದ ಸಂಗೀತವನ್ನು ಬರೆದಿಡುವಂತೆ ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಆ ಗ್ರಂಥ 1904ರಲ್ಲಿ ಎಟ್ಟಯಪುರದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾಯಿತು. ಗಮಕಗಳಿಗೆ ಬಗೆಬಗೆಯ ಚಿಹ್ನೆಗಳು, ಒಂದೊಂದೂ ತನ್ನ ಸ್ವರಾಕ್ಷರದ ಮೇಲೆ! ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ತೆಲುಗು ಲಿಪಿಗೆ ಇದು ಸಾಧ್ಯವಾಯಿತು. ಅದರ ಒಡಹುಟ್ಟಾದ ಕನ್ನಡ ಲಿಪಿಗೆ ಇಂದು ಸಾಧ್ಯವಿಲ್ಲವಂತೆ.

‘ಇಷ್ಟೆಲ್ಲ ಏಕೆ? ನಮ್ಮ ಅಜ್ಜಂದಿರು ಕಿವಿಯಿಂದ ಕಲಿತು ಹಾಡಲಿಲ್ಲವೇ?’ ಎಂದು ನೀವು ಕೇಳಬಹುದು. ಹಾಡಿದರು, ನಮಗಿಂತ ಚೆನ್ನಾಗಿಯೇ ಹಾಡಿದರು. ಆದರೆ ಅವರು ವಾರವಾರವೂ ಒಂದೇ ಕಡೆ ಕೂಡಿ, ಒಬ್ಬ ಉಪದೇಶಿಯ ಬಾಯಿಂದ ಕೇಳಿ, ಅವೇ ಹಾಡುಗಳನ್ನು ವರ್ಷಗಟ್ಟಲೆ ಹಾಡಿದರು. ಇಂದಿನ ಮಂಡಳಿಯ ಅರ್ಧದಷ್ಟು ಮಕ್ಕಳು ಓದಿಗೆಂದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ; ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ ಬಂದು ಫೋನಿನಲ್ಲಿ ಕಳಿಸಿದ ಹಾಳೆಯನ್ನು ನೋಡಿ ಹಾಡುತ್ತಾರೆ. ಹಾಳೆಯೇ ಈಗ ಉಪದೇಶಿ. ಕಿವಿಯ ಪರಂಪರೆಯೊಂದೇ ಸಾಕೆನ್ನುವವರು ನಾಡಗೀತೆಯನ್ನು ನೆನೆಯಲಿ. ಅದನ್ನು ಬರೆದ ಕುವೆಂಪು ಅವರು ಹುಟ್ಟಿದ್ದು ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. 2004ರಲ್ಲಿ ಅದು ನಾಡಗೀತೆಯಾಯಿತು. ಯಾವ ಧಾಟಿ, ಎಷ್ಟು ಹೊತ್ತು ಎಂಬ ವಿವಾದ ಎಷ್ಟೋ ವರ್ಷ ನಡೆದು, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ ಆದೇಶಿಸಬೇಕಾಯಿತು. ಅದೂ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, 2024ರಲ್ಲಿ ಆದೇಶ ಊರ್ಜಿತವಾಯಿತು. ಇಡೀ ನಾಡೇ ಹಾಡುವ ಗೀತೆಯ ಪಾಡು ಇದು. ನಮ್ಮ ಕೀರ್ತನೆ ಒಂದೊಂದು ದೇವಾಲಯದಲ್ಲಿ ಒಂದೊಂದು ರೀತಿ ತಿರುಗಿದರೆ ತೀರ್ಪು ಕೊಡಲು ಯಾರಿದ್ದಾರೆ? ಕೊಪ್ಪದವರೂ ನರಸಿಂಹರಾಜಪುರದವರೂ ಒಂದು ಶವಸಂಸ್ಕಾರದಲ್ಲಿ ಕೂಡಿದಾಗ ಒಬ್ಬರು ನಿಲ್ಲುವಲ್ಲಿ ಇನ್ನೊಬ್ಬರು ಮುಂದೆ ಹೋಗುತ್ತಾರೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕೀಬೋರ್ಡು ಮಾತ್ರ ಕೇಳಿಸುತ್ತಿರುತ್ತದೆ, ದುಃಖದ ಮನೆಯವರ ಬಾಯಿ ಮುಚ್ಚಿರುತ್ತದೆ.

ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯ ಕುರಿತ ತನ್ನ ಸಂವಿಧಾನವನ್ನು 1963ರ ಡಿಸೆಂಬರ್ 4ರಂದು ಪ್ರಕಟಿಸಿತು. ಭಕ್ತಜನರೆಲ್ಲರೂ ಹಾಡಿನಲ್ಲಿ ಪಾಲುಗೊಳ್ಳಬೇಕು, ಆಯಾ ನಾಡಿನ ಸಂಗೀತ ಪರಂಪರೆಗೆ ಮನ್ನಣೆ ಸಲ್ಲಬೇಕು ಎಂದು ಅದರಲ್ಲಿದೆ. ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದದ್ದೂ ಅದೇ ವರ್ಷ. ಆರು ದಶಕಗಳ ಅನಂತರವೂ ನಾವು ಕನ್ನಡ ಓದಬಲ್ಲ ತಾಯಿಯ ಕೈಗೆ ಅವಳು ಓದಲಾರದ ಅಕ್ಷರದ ಹಾಳೆಯನ್ನು ಕೊಡುತ್ತಿದ್ದೇವೆ.

ಆಗಬೇಕಾದದ್ದೇನು? ಧರ್ಮಕ್ಷೇತ್ರದ ಮಟ್ಟದಲ್ಲಿ ಸಾಮಾನ್ಯವಾಗಿ ಹಾಡುವ ಕೀರ್ತನೆಗಳನ್ನು ಕನ್ನಡ ಅಕ್ಷರದಲ್ಲಿ, ಯೂನಿಕೋಡಿನಲ್ಲಿ, ಹಾಡುವಂತೆ ಒಡೆದು, ಚಿಹ್ನೆಗಳನ್ನು ಸ್ವರಗಳಿಗೆ ಸರಿಯಾಗಿ ಕಟ್ಟಿ ಸಿದ್ಧಪಡಿಸಬೇಕು. ಸಿದ್ಧಪಡಿಸಿದ್ದನ್ನು ಚಿತ್ರವಾಗಿ ಕಳಿಸದೆ ತಿದ್ದಬಹುದಾದ ಕಡತವಾಗಿಯೇ ಎಲ್ಲ ಮಂಡಳಿಗಳಿಗೂ ಕೊಡಬೇಕು. ಶೃಂಗೇರಿಯ ಮಂಡಳಿಗೆ ಶ್ರುತಿ ಎತ್ತರವಾಯಿತೆಂದರೆ ಅವರೇ ಇಳಿಸಿಕೊಳ್ಳಲಿ. ಕಡತವನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಸಾಮಾನ್ಯ ರೂಪದಲ್ಲೂ ಒಂದು ಪ್ರತಿ ಇಡಬೇಕು. 1988ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಫಿನಾಲೆ ಎಂಬ ಪ್ರಸಿದ್ಧ ತಂತ್ರಾಂಶದ ಅಭಿವೃದ್ಧಿಯನ್ನು ಅದರ ಒಡೆಯರು 2024ರ ಆಗಸ್ಟಿನಲ್ಲಿ ನಿಲ್ಲಿಸಿಬಿಟ್ಟರು; ಅದೊಂದನ್ನೇ ನಂಬಿದವರು ತಮ್ಮ ಹಾಡುಗಳನ್ನು ಬೇರೆ ಮನೆಗೆ ಸಾಗಿಸಲು ಪರದಾಡಬೇಕಾಯಿತು. ಸ್ವರಕ್ಕೆ ಕಟ್ಟಿದ ಸಾಹಿತ್ಯ ಇಂತಹ ಸಾಗಾಟದಲ್ಲಿ ಸ್ವರದ ಜೊತೆಗೇ ಹೋಗುತ್ತದೆ. ಖಾಲಿ ಜಾಗ ನೋಡಿ ಬಿಡಿಯಾಗಿ ಅಂಟಿಸಿದ ಸಾಲುಗಳು ಎಲ್ಲಿಗೋ ಹೋಗಿ ಬೀಳುತ್ತವೆ.

ಇದಕ್ಕೆ ಧರ್ಮಕ್ಷೇತ್ರದ ಬೊಕ್ಕಸದಿಂದ ಹಣ ಬೇಕಿಲ್ಲ. ತಂತ್ರಾಂಶ ಉಚಿತ, ಗಣಕ ಪ್ರತಿ ವಿಚಾರಣೆಯಲ್ಲೂ ಇದೆ. ಸ್ವರ ಬಲ್ಲ, ಕನ್ನಡ ಬಲ್ಲ ಇಬ್ಬರು ಮೂವರ ಎರಡು ಬೇಸಿಗೆ ರಜೆ ಬೇಕು, ಅಷ್ಟೇ. ಅಂಥವರು ನಮ್ಮ ಮೂರು ತಾಲೂಕುಗಳಲ್ಲೇ ಇದ್ದಾರೆ. ಅವರನ್ನು ಕರೆದು ಕೇಳಿದವರಿಲ್ಲ.